ಮೀಟರಿನ ಚಕ್ರ ನಿಲ್ಲಲಿಲ್ಲ

ಮನೆ ಮಾಲೀಕರಿಗೆ, ಕೆಳಮನೆಯ ಟೈಲರಮ್ಮನ ನಮಸ್ಕಾರ.

ನನಗೆ ಬಿಲ್ಲು ಯಾಕಿಷ್ಟು ಬರುತ್ತದೆಂದು ಕೇಳಿದ್ದಕ್ಕೆ, ಕರೆಂಟೆಲ್ಲ ನನ್ನ ಇಸ್ತ್ರಿಪೆಟ್ಟಿಗೆಯೇ ತಿನ್ನುತ್ತದೆಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿದಿರಿ. ಸರಿ, ಪರೀಕ್ಷಿಸಿಯೇ ಬಿಟ್ಟೆ. ಒಂದೊಂದನ್ನೇ ಹಾಕಿ ಮೀಟರಿನ ಚಕ್ರ ನೋಡಿದೆ. ಇಸ್ತ್ರಿಗೆ ಓಡುತ್ತದೆ, ಫ್ರಿಜ್ಜಿಗೆ ನಡೆಯುತ್ತದೆ, ಫ್ಯಾನಿಗೆ ತೆವಳುತ್ತದೆ. ನನ್ನದೆಲ್ಲ ಆರಿಸಿದ ಮೇಲೂ ಅದು ತೆವಳುತ್ತಲೇ ಇತ್ತು. ನನ್ನ ಮೀಟರಿಗೆ ಸೇರಿದ್ದು ಇನ್ನೊಂದೇ, ನೀವು ಬೀಗ ಹಾಕಿರುವ ಹಿಂದಿನ ಕೋಣೆ. ಅಲ್ಲಿ ಹಳೇ ಸಾಮಾನಿದೆ ಎಂದಿದ್ದಿರಿ. ಹಳೇ ಸಾಮಾನಿಗೂ ಸೆಕೆಯಾಗುತ್ತದೆಯೇ? ಆ ಕೋಣೆಯ ಫ್ಯೂಸ್ ಕಿತ್ತೆ.

"ಫ್ಯಾನನ್ನೂ ಕಿತ್ಕೊಂಡ್ಯೇನೋ, ತಮ್ಮಾ?" ಎಂದಿತು ಬಾಗಿಲಾಚೆಯ ದನಿ.

ಮಗಳ ಮನೆಗೆ ಹೋಗಿದ್ದಾರೆಂದು ನೀವು ಹೇಳಿದ ನಿಮ್ಮ ಅಕ್ಕನ ದನಿ. ಅವರ ಬಟ್ಟೆ ಹೊಲಿದವಳು ನಾನು, ಮರೆಯುತ್ತೇನೆಯೇ?

ಫ್ಯೂಸನ್ನು ತಕ್ಷಣ ಹಾಕಿದ್ದೇನೆ. ಆ ಫ್ಯಾನಿನ ಖರ್ಚು ನನಗೇ ಇರಲಿ. ಈ ಕಾಗದ ತಂದವರ ಕೈಯಲ್ಲೇ ಬೀಗದ ಕೈ ಕೊಟ್ಟು ಕಳುಹಿಸಿ. ಇಲ್ಲವಾದರೆ ನನ್ನ ಹತ್ತಿರ ಸುತ್ತಿಗೆ ಇದೆ. ಅದಕ್ಕೆ ಕರೆಂಟು ಬೇಕಿಲ್ಲ.

ಇಂತಿ,
ಟೈಲರಮ್ಮ