ಅರವತ್ತು ರಾತ್ರಿ

ಡಿಸೆಂಬರ್ 9, ಮಂಗಳವಾರ. ರಾಯ್‌ಪುರ, ಬೆಳಿಗ್ಗೆ 6.40

ಇಸ್ತ್ರಿ ಪೆಟ್ಟಿಗೆ ಬೇಕು ಅಂತ ಹೋಟೆಲ್ ರಿಸೆಪ್ಷನ್‌ಗೆ ಫೋನ್ ಮಾಡಿದೆ. ಐದೇ ನಿಮಿಷ. "ಗುಡ್ ಮಾರ್ನಿಂಗ್ ಅರುಂಧತಿ ಮೇಡಂ." ಗೋಲ್ಡ್ ಮೆಂಬರ್ ಅಲ್ವಾ, ಹೆಸರು ನೆನಪಿಟ್ಟಿರುತ್ತಾರೆ. ಇವತ್ತು ಆಸ್ಪತ್ರೆಯಲ್ಲಿ ನಾಲ್ಕು ಹೊಸ ಡಯಾಲಿಸಿಸ್ ಮೆಷಿನ್, ಹನ್ನೊಂದು ಜನಕ್ಕೆ ನಾನು ಟ್ರೈನಿಂಗ್ ಕೊಡಬೇಕು. ಗಂಟಲು ಆಗಲೇ ನೋಯ್ತಿದೆ.

ಆ್ಯಪ್ ತೆಗೆದು ನೋಡಿದೆ. ನಾಡಿದ್ದಿಗೆ ಈ ಚೈನ್ ಹೋಟೆಲ್‌ಗಳಲ್ಲಿ ಈ ವರ್ಷ ಐವತ್ತೆರಡು ರಾತ್ರಿ. ಅರವತ್ತಾದರೆ ಪ್ಲಾಟಿನಂ. ಮುಂದಿನ ವಾರ ಲಖನೌ ಎಂಟು ದಿನ. ಸರಿಹೋಯ್ತು.

ಕೆಂಪರಾಜು ಫೋನ್ ಎತ್ತಲಿಲ್ಲ. ಫಸ್ಟ್ ಶಿಫ್ಟ್ ಇರಬೇಕು. ಗಂಡ ಯಾವ ಶಿಫ್ಟಲ್ಲಿದ್ದಾರೆ ಅಂತ ಗೊತ್ತಿಲ್ಲ ನನಗೆ.

ಡಿ. 13, ಶನಿವಾರ. ಬ್ಲಫ್

ಪವರ್ ಹೌಸ್ ಕ್ವಾರ್ಟರ್ಸ್, ನಮ್ಮ ಮನೆ. ಲಖನೌ ಕ್ಯಾನ್ಸಲ್. ಬಾಸ್ ವೀಣ ಮೇಡಂ ಮೆಸೇಜ್ — ಅಲ್ಲಿನ ಆಸ್ಪತ್ರೆ ಜನವರಿಗೆ ಮುಂದೂಡಿದೆ. ಅದರ ಬದಲು ಕ್ರಿಸ್‌ಮಸ್ ವಾರ ಮಂಡ್ಯದ ಒಂದು ನರ್ಸಿಂಗ್ ಹೋಮ್. ನಮ್ಮ ಜಿಲ್ಲೆಯಲ್ಲೇ ಕೆಲಸ! ಖುಷಿಯಾಗಬೇಕಿತ್ತು. ಮೊದಲು ಬಂದ ಯೋಚನೆ: ಎಂಟು ರಾತ್ರಿ ಹೋಯ್ತಲ್ಲ.

ಕೆಂಪರಾಜು ಪವರ್ ಹೌಸಿಂದ ಎರಡೂವರೆಗೆ ಬಂದರು. ಬಟ್ಟೆಯಲ್ಲಿ ಅದೇ ಮೆಷಿನ್ ಎಣ್ಣೆ ವಾಸನೆ. ನನಗೆ ಇಷ್ಟ ಅದು. ಹೇಳಿಲ್ಲ ಯಾವತ್ತೂ.

ಡಿ. 14

ಬೆಳಿಗ್ಗೆಯಿಂದ ಅದೇ ಗುಂಗು. ಪ್ಲಾಟಿನಂ ಆದರೆ ದೊಡ್ಡ ರೂಮು, ಸಂಜೆ ನಾಲ್ಕರವರೆಗೆ ಖಾಲಿ ಮಾಡಬೇಕಾಗಿಲ್ಲ, ತಿಂಡಿ ಇಬ್ಬರಿಗೆ ಫ್ರೀ. ಇಬ್ಬರು ಯಾರು? ಗೋಲ್ಡಲ್ಲೂ ತಿಂಡಿ ಇಬ್ಬರಿಗೇ. ಎದುರಿನ ಕುರ್ಚಿ ಮೇಲೆ ಬ್ಯಾಗ್ ಇಟ್ಟುಕೊಂಡು ತಿಂತೀನಿ.

ಇನ್ನೊಂದು ಕಡೆ... ಈ ಚೈನ್ ಬಿಟ್ಟು ಬೇರೆ ಕಡೆ ಉಳಿಯೋ ಹಾಗಿಲ್ಲ. ನಾಗಪುರದಲ್ಲಿ ಆಸ್ಪತ್ರೆ ಪಕ್ಕದಲ್ಲೇ ಒಳ್ಳೇ ಲಾಡ್ಜ್ ಇದ್ದರೂ ಮುಕ್ಕಾಲು ಗಂಟೆ ಆಟೋದಲ್ಲಿ ಓಡಾಡಿದೆ. ಇಷ್ಟೆಲ್ಲಾ ಮಾಡಿ ಡಿಸೆಂಬರ್ ಮುಗೀತಿದ್ದ ಹಾಗೆ ಮತ್ತೆ ಸೊನ್ನೆಯಿಂದ.

ಮದ್ದೂರು ಹೈವೇಯಲ್ಲಿ ಇದೇ ಚೈನ್‌ದು ಹೊಸ ಹೋಟೆಲ್ ಆಗಿದೆ. 24ರಿಂದ 31, ಸರಿಯಾಗಿ ಎಂಟು ರಾತ್ರಿ. ಮಂಡ್ಯ ಅಲ್ಲಿಂದ ಹತ್ತಿರ. ಕಂಪನಿ ಕೊಡಲ್ಲ, ನನ್ನ ಕಾರ್ಡೇ.

ಊಟಕ್ಕೆ ಕೂತಾಗ ಹೇಳಿದೆ. ಕೆಂಪರಾಜು ಮುದ್ದೆ ಮುರಿಯೋದು ನಿಲ್ಲಿಸಿದರು.

"ಅಮ್ಮಿ, ನಮ್ಮನೇಲಿ ಮಂಚ ಇಲ್ವಾ? ಮದ್ದೂರ್ಗೋಗಿ ದುಡ್ ಕೊಟ್ಟು ಮನಿಕೋಬೇಕಾ?"

"ಎಂಟೇ ರಾತ್ರಿ ಕಣ್ರೀ. ನೀವೂ ಬನ್ನಿ."

"ಇಲ್ಲಿ ಎಂಟ್ ರಾತ್ರಿ ಇದ್ರೆ ಯಾರೂ ಏನೂ ಕೊಡಾಕಿಲ್ಲ. ಅಷ್ಟೇ ತಾನೆ?" ನಗುತ್ತಲೇ ಅಂದರು. ಆಮೇಲೆ ನಗಲಿಲ್ಲ.

ಬುಕ್ ಮಾಡಿದೆ.

ಡಿ. 24, ಬುಧವಾರ. ಮದ್ದೂರು, ಸಂಜೆ 5

ರೂಮ್ 412. ಕಿಟಕಿ ಆಚೆ ಹೈವೇ, ಅದರಾಚೆ ಕಬ್ಬು. ಕೌಂಟರಿನಲ್ಲಿರುವ ಹುಡುಗನ ಹೆಸರು ಅಂಬರೀಶ್, ಯಲಿಯೂರಿನವನಂತೆ. ಅಡ್ರೆಸ್ ನೋಡಿ ಕಣ್ಣರಳಿಸಿದ. "ಮೇಡಂ, ಬ್ಲಫ್ ಇಲ್ಲೇ ಅಲ್ವಾ?" ಹೂಂ ಅಂದೆ. ರೂಮಿನವರೆಗೂ ಬಂದು ಬಾಗಿಲು ತೆಗೆದ. "ವೆಲ್‌ಕಮ್ ಬ್ಯಾಕ್ ಮೇಡಂ." ಮೊದಲ ಸಲ ಬಂದಿದ್ದೇನೆ, ಆದರೂ ವೆಲ್‌ಕಮ್ ಬ್ಯಾಕ್. ಹಾಯೆನಿಸಿತು.

ಡಿ. 25

ಯಾಕೆ ಇಷ್ಟ ನನಗೆ ಇದು? ಸುಳ್ಳು ಬರೆಯಬಾರದು ಇಲ್ಲಿ.

ಚಿಕ್ಕವಳಿದ್ದಾಗ, ಮಳವಳ್ಳಿ ಸಂತೆ ಮುಗಿಸಿ ಬರುವಾಗ ದಾರಿಯಲ್ಲೊಂದು ಹೋಟ್ಲು. ಅಪ್ಪ ಒಳಗೆ ಹೋಗುತ್ತಿರಲಿಲ್ಲ. ನಮ್ಮ ಕೇರಿಯವರ ಲೋಟ ಹೊರಗೆ ಸೂರಿಗೆ ಸಿಕ್ಕಿಸಿರುತ್ತಿತ್ತು. ಟೀ ಮೇಲಿಂದ ಹುಯ್ಯುವರು. ಕುಡಿದು, ತೊಳೆದು, ಮತ್ತೆ ಅಲ್ಲೇ ಸಿಕ್ಕಿಸಬೇಕು. ಅಪ್ಪ ಮರಿಯಯ್ಯ ಅವತ್ತಿಗೆ ಎಸ್ಸೆಸ್ಸೆಲ್ಸಿ ಪಾಸು, ಸ್ಕೂಲ್ ಮೇಷ್ಟ್ರು. ಆ ಹೋಟ್ಲಿನವನ ಮಗನಿಗೆ ಮಗ್ಗಿ ಕಲಿಸಿದವನು. ನಾನು ಆರು ವರ್ಷದವಳು, ಅಪ್ಪನ ಪಂಚೆ ಹಿಡಿದು ಒಳಗಿನ ಬೆಂಚು ನೋಡುತ್ತಿದ್ದೆ.

ಅಪ್ಪನನ್ನು ಇಂಥ ಬಾಗಿಲಿಗೆ ಒಂದು ಸಲ ಕರೆತರಬೇಕಿತ್ತು. ಗೋಲ್ಡ್ ಬಂದದ್ದು 2022ರಲ್ಲಿ. ಅಪ್ಪ ಹೋದದ್ದು 2019ರಲ್ಲಿ.

ಡಿ. 28, ಭಾನುವಾರ. ಸಂಜೆ 7

ಬಂದರು! ನಾಳೆ ವಾರದ ರಜಾ. ಶಿಫ್ಟ್ ಮುಗಿಸಿ, ಸ್ನಾನ ಮಾಡಿ, ಮಳವಳ್ಳಿಯಲ್ಲಿ ಬಸ್ ಬದಲಾಯಿಸಿ. ಕೈಯಲ್ಲಿ ಕ್ಯಾರಿಯರ್ — ಅವರೆಕಾಳು ಸಾರು, ಮುದ್ದೆ. ಗೇಟಿನ ವಾಚ್‌ಮನ್ ಜೊತೆ ಮಾತಾಡ್ತಾ ಹೊರಗೇ ನಿಂತಿದ್ದರು. ನಾನೇ ಇಳಿದು ಹೋಗಿ ಕರೆತಂದೆ.

ಅಂಬರೀಶ್ "ವೆಲ್‌ಕಮ್ ಸಾರ್" ಅಂದ. ಇವರು "ಯಾವೂರಪ್ಪಾ?" ಅಂದರು. ಅವನು ಹೇಳಿದ. ಅವನೂ ಇವರ ಊರು ಕೇಳಿದ, ಇವರೂ ಹೇಳಿದರು. ನಮ್ಮ ಕಡೆ ಅದಾದ ಮೇಲೆ ಬರುವ ಪ್ರಶ್ನೆ ಒಂದಿದೆಯಲ್ಲ, ಯಾವ ಜನ ಅಂತ — ಇಬ್ಬರೂ ಕಾದೆವು. ಅವನು ಕೇಳಲಿಲ್ಲ. ಲಿಫ್ಟ್ ಬಟನ್ ಒತ್ತಿದ.

ಲಿಫ್ಟಿನಲ್ಲಿ ಕೆಂಪರಾಜು ಮೆಲ್ಲಗೆ, "ಇದ್ಕೇ ಬತ್ತೀಯ ನೀನು" ಅಂದರು. ಬೈದದ್ದಲ್ಲ.

ಬಿಳೀ ಹಾಸಿಗೆ ಮೇಲೆ ಪೇಪರ್ ಹಾಸಿ ಮುದ್ದೆ ಉಂಡೆವು. ಈಗ ಮಲಗಿದ್ದಾರೆ, ಇಷ್ಟು ಬೇಗ. ಗೊರಕೆ ಶುರು. ಇನ್ನು ಬರೆಯಲ್ಲ.

ಡಿ. 29, ಮಧ್ಯಾಹ್ನ

ನರ್ಸಿಂಗ್ ಹೋಮಿಗೆ ಲೇಟಾಗಿ ಬರ್ತೀನಿ ಅಂತ ಹೇಳಿದ್ದೆ. ಇಬ್ಬರೂ ತಿಂಡಿಗೆ ಇಳಿದೆವು. ಎದುರಿನ ಕುರ್ಚಿಯಲ್ಲಿ ಬ್ಯಾಗ್ ಇಲ್ಲ, ಇವರು. ಒಂದಂಗುಲದ ಮದ್ದೂರು ವಡೆ ಇಟ್ಟಿದ್ದರು. "ಇದೇನ್ ವಡೇನೋ ಅಂಗಿ ಗುಂಡೀನೋ" ಅಂತ ಆರು ತಿಂದರು. ನಗು ಬಂತು. ನಗ್ತಾ ನಗ್ತಾ ಅಳು ಬಂದು ಹೇಳಿಬಿಟ್ಟೆ.

ಆಗಸ್ಟ್‌ನಲ್ಲಿ ಪುಣೆ ಕೆಲಸ ಶುಕ್ರವಾರವೇ ಮುಗಿದಿತ್ತು. ಆ ವಾರ ಹೋಟೆಲಿನವರ ಆಫರ್, ಒಂದು ರಾತ್ರಿ ಉಳಿದರೆ ಎರಡು ಅಂತ ಲೆಕ್ಕ. ಮೆಷಿನ್ ಕೆಟ್ಟಿದೆ ಅಂತ ಇವರಿಗೆ ಸುಳ್ಳು ಹೇಳಿ ಎರಡು ರಾತ್ರಿ ಉಳಿದೆ. ಆ ಭಾನುವಾರ ಮುತ್ತತ್ತಿಗೆ ಹೋಗಿ ಹೊಳೆ ದಡದಲ್ಲಿ ಅಡುಗೆ ಮಾಡೋಣ ಅಂದುಕೊಂಡಿದ್ದೆವು. ಇವರು ಒಬ್ಬರೇ ಹೋಗಿ ನೀರಿಗೆ ಕಾಲಿಟ್ಟು ಕೂತು ಬಂದಿದ್ದರು.

ಇವರು ಕಾಫಿ ಮುಗಿಸಿದರು.

"ನಾನೂ ಒಂದ್ ಮಾತು ಏಳಿಲ್ಲ ನಿಂಗೆ. ಮೂರ್ ವರ್ಸದ್ ಇಂದೆ ಜನರಲ್ ಶಿಫ್ಟ್ ಕೊಡ್ತೀವಿ ಅಂದ್ರು. ಒಂಬತ್ತರಿಂದ ಐದು. ಬ್ಯಾಡ ಅಂದ್ಬುಟ್ಟೆ."

"ಯಾಕ್ರೀ? ಎಷ್ಟು ವರ್ಷದಿಂದ ಕೇಳ್ತಿದ್ರಿ ಅದನ್ನ!"

"ಐದ್ ಗಂಟ್ಗೆ ಮನೀಗ್ ಬಂದು ಯಾರ್ ಮಕ ನೋಡ್ಲಿ? ಶಿಫ್ಟಾದ್ರೆ ಒತ್ತು ಓಯ್ತದೆ."

ಈಗ ಆ ಜನರಲ್ ಶಿಫ್ಟಲ್ಲಿರೋ ಪುನೀತ್‌ಗೆ ಮಾರ್ಚಲ್ಲಿ ಟ್ರಾನ್ಸ್‌ಫರ್ ಅಂತೆ.

"ಈಗ ಕೇಳ್ಲಾ? ನೀನೇ ಏಳು."

ಹೇಳಲಿಲ್ಲ ನಾನು. ಮೈಸೂರು ಸರ್ವೀಸ್ ಸೆಂಟರಿಗೆ ಬರ್ತೀಯಾ, ಓಡಾಟ ಇರಲ್ಲ ಅಂತ ವೀಣ ಮೇಡಂ ಅಕ್ಟೋಬರಲ್ಲೇ ಕೇಳಿದ್ದರು. ಉತ್ತರ ಕೊಟ್ಟಿಲ್ಲ ಇನ್ನೂ. ಅದನ್ನೂ ಇವರಿಗೆ ಹೇಳಲಿಲ್ಲ.

ಬಸ್ ಸ್ಟ್ಯಾಂಡಿನವರೆಗೂ ಹೋದೆ. ಕಿಟಕಿಯಿಂದ ಖಾಲಿ ಕ್ಯಾರಿಯರ್ ಎತ್ತಿ ತೋರಿಸಿದರು, ಕೈ ಬೀಸೋ ಬದಲು.

ಡಿ. 31, ಬುಧವಾರ. ಮದ್ದೂರು, ಬೆಳಿಗ್ಗೆ 9

ನಿನ್ನೆ ಬರೆಯಲಿಲ್ಲ. ಮಂಡ್ಯದ ಕೆಲಸ ಮುಗೀತು. ರೂಮಿಗೆ ಬಂದು ವೀಣ ಮೇಡಂಗೆ ಮೇಲ್ ಬರೆದೆ, ಮೂರು ಸಲ ಅಳಿಸಿ. ಮೈಸೂರು ಜಾಗ ನನಗೆ ಕೊಡಿ. ಕಳಿಸಿದೆ.

ಮಳವಳ್ಳಿಯಲ್ಲಿ ಮನೆ ಮಾಡಿದರೆ ಅವರಿಗೂ ಬಸ್ಸು, ನನಗೂ ಬಸ್ಸು. ಸಂಜೆ ಆರೂವರೆಗೆ ಇಬ್ಬರೂ ಒಂದೇ ಮನೆಯಲ್ಲಿ. ಮದುವೆಯಾದ ಹದಿನಾಲ್ಕು ವರ್ಷದಲ್ಲಿ ಒಂದೇ ಸಮ ಹದಿನೈದು ದಿನ ಜೊತೆಗಿದ್ದಿಲ್ಲ ನಾವು.

ಐವತ್ತೊಂಬತ್ತು ರಾತ್ರಿ ಆಯ್ತು. ಇನ್ನೊಂದು. ಬ್ಯಾಗ್ ತುಂಬಿಸಿಕೊಂಡು ಕೌಂಟರಿಗೆ ಹೋದೆ, ಮನೆಗೆ ಹೊರಡ್ತೀನಿ ಅಂದೆ. ಅಂಬರೀಶ್ ಗಾಬರಿಯಾದ.

"ಇವತ್ತು ಒಂದು ನೈಟ್ ಬಾಕಿ ಇದೆಯಲ್ಲ ಮೇಡಂ! ಚೆಕ್‌ಔಟ್ ಮಾಡ್ಬೇಡಿ. ಕೀ ಇಟ್ಕೊಂಡು ಹೋಗ್ಬುಡಿ. ರೂಮು ನಿಮ್ಮ ಹೆಸರಲ್ಲೇ ಇರುತ್ತೆ, ಲೆಕ್ಕಕ್ಕೆ ಬತ್ತದೆ."

ಬೇಡ ಅನ್ನಬೇಕಿತ್ತು. ಕೀ ಕಾರ್ಡ್ ಇಸ್ಕೊಂಡು ಪರ್ಸಿಗೆ ಹಾಕಿಕೊಂಡೆ. ಇರಲಿ. ಇವತ್ತು ಪೂರ್ತಿ ಒಳ್ಳೆಯವಳಾಗೋಕೆ ಆಗಲ್ಲ.

ಅದೇ ದಿನ. ಬ್ಲಫ್, ಮಧ್ಯಾಹ್ನ 2.10

ಮನೆ ಗುಡಿಸಿದೆ. ಅನ್ನಕ್ಕಿಟ್ಟೆ, ಬಸ್ಸಾರು ಆಗಿದೆ. ಇವರಿಗೆ ಬರ್ತೀನಿ ಅಂತ ಹೇಳಿಲ್ಲ. ನಾಳೆ ಅಂದುಕೊಂಡಿದ್ದಾರೆ.

ವೀಣ ಮೇಡಂ ಉತ್ತರ ಬಂತು. ಮೈಸೂರು ಜಾಗಕ್ಕೆ ಇನ್ನೂ ಇಬ್ಬರು ಕೇಳಿದ್ದಾರಂತೆ, ಫೆಬ್ರವರಿಯಲ್ಲಿ ತೀರ್ಮಾನ. ಅಲ್ಲಿವರೆಗೆ ಟೂರ್ ಮಾಮೂಲಿ. ಆರನೇ ತಾರೀಖು ಲಖನೌ, ಟಿಕೆಟ್ ಜೊತೆಗೇ ಕಳಿಸಿದ್ದಾರೆ.

ಇವತ್ತನ್ನೂ ಸೇರಿಸಿದರೆ ಆರು ದಿನ. ಎಲ್ಲಾ ಹೇಳಬೇಕು. ಜಾಗ ಸಿಗದೇ ಹೋಗಬಹುದು ಅನ್ನೋದನ್ನೂ. ಆದರೂ ನೀವು ಜನರಲ್ ಶಿಫ್ಟ್ ಕೇಳಿ ಅಂತ ಹೇಳಬೇಕು. ಯಾವ ಬಾಯಲ್ಲಿ... ಐದು ಗಂಟೆಗೆ ಬರೋರಿಗೆ ನಾನಿರ್ತೀನಿ ಅಂತ ಹೇಗೆ

ಗೇಟು ಸದ್ದಾಯ್ತು. ನನ್ನ ಚಪ್ಪಲಿ ನೋಡಿರಬೇಕು, ಹೆಜ್ಜೆ ನಿಂತಿದೆ. "ಅಮ್ಮೀ?" ಅಂತಿದ್ದಾರೆ, ನಾನು