ನಮ್ಮ ಯಜಮಾನರ ಕಳ್ಳಾಟಕ್ಕೆ ಜಾಗ ಬಿಡಿ

ಉದ್ಯಾನಗಳನ್ನು ಪಾಲಿಸುತ್ತಾ ಈಗ ಮುದುಕರ ಮೆದುಳನ್ನೂ ಪಾಲಿಸಲು ಹೊರಟಿರುವ ಮಾನ್ಯ ಅಧಿಕಾರಿಗಳೇ,

ನಿಮ್ಮ ಕೃಪೆಯಿಂದ ನಮ್ಮ ಯಜಮಾನರು ಪ್ರಾಮಾಣಿಕರಾಗಿಬಿಟ್ಟಿದ್ದಾರೆ. ಚೌಕಾಬಾರದಲ್ಲಿ ನಾಲ್ಕು ಬಿದ್ದರೆ ನಾಲ್ಕೇ ಮನೆ ನಡೆಯುತ್ತಾರೆ. ಎದುರಿನವರು ಕಾಯಿ ಕಡಿದರೆ ತಕರಾರಿಲ್ಲದೆ ಎತ್ತಿಡುತ್ತಾರೆ. ಬೇರೆ ಯಾವ ಹೆಂಡತಿಯಾದರೂ ಇದಕ್ಕಾಗಿ ನಿಮಗೆ ಹಾರ ಹಾಕಿ ತೆಂಗಿನಕಾಯಿ ಕೊಡುತ್ತಿದ್ದಳೋ ಏನೋ. ನಾನು ಮಾತ್ರ ದೂರು ಬರೆಯಲು ಕುಳಿತಿದ್ದೇನೆ. ನಮ್ಮ ಬಡಾವಣೆಯ ಉದ್ಯಾನದ ಮಂಟಪದಲ್ಲಿದ್ದ ಚೌಕಾಬಾರದ ಕಲ್ಲನ್ನು ನೀವು ಕೀಳಿಸಿ ಎಸೆದಿದ್ದೀರಿ. ಅದನ್ನು ಇದ್ದ ಜಾಗಕ್ಕೆ ಮರಳಿ ಹಾಕಿಸಬೇಕು. ನನ್ನ ದೂರು ಇಷ್ಟೇ, ಉಳಿದದ್ದೆಲ್ಲ ಅದರ ವಿವರಣೆ. ಪುರುಸೊತ್ತಿದ್ದರೆ ಓದಿ.

ನಾನು ಧಾರವಾಡದ ಕಡೆಯವಳು. ಯಜಮಾನರು ಕಾಶೀನಾಥ, ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ಎರಡು ವರ್ಷದ ಮಟ್ಟಿಗೆ ಎಂದು ನಾಗಪುರಕ್ಕೆ ವರ್ಗವಾಗಿ ಬಂದೆವು, ಇಲ್ಲಿಯೇ ಮಕ್ಕಳು ಓದಿದರು, ಇಲ್ಲಿಯೇ ಮನೆ ಮಾಡಿದೆವು, ಇಲ್ಲಿಯ ಬಿಸಿಲಿಗೆ ಬೈಯುತ್ತಲೇ ಇಲ್ಲಿಯವರಾದೆವು. ನಿಮ್ಮ ಉದ್ಯಾನದ ಮಂಟಪಕ್ಕೆ ಹಾಸಿದ್ದು ಶಹಾಬಾದಿ ಫರಸಿ. ಅದೂ ನಮ್ಮ ಹಾಗೆ ಕರ್ನಾಟಕದಿಂದ ಬಂದು ಇಲ್ಲಿ ಬಿದ್ದುಕೊಂಡದ್ದು. ಅದರಲ್ಲಿ ಒಂದು ಕಲ್ಲಿನ ಮೇಲೆ ಯಾರೋ ಪುಣ್ಯಾತ್ಮರು ಚೌಕಾಬಾರದ ಮನೆಗಳನ್ನು ಉಳಿಯಿಂದ ಕೆತ್ತಿದ್ದರು. ಯಾರು ಕೆತ್ತಿದರು, ಯಾವಾಗ ಕೆತ್ತಿದರು, ಯಾರಿಗೂ ಗೊತ್ತಿಲ್ಲ. ಮರಾಠಿಯವರು ಅದನ್ನು ತಮ್ಮದೆನ್ನುತ್ತಿದ್ದರು, ನಾವು ನಮ್ಮದೆನ್ನುತ್ತಿದ್ದೆವು. ಆ ಜಗಳವೂ ಚೆನ್ನಾಗಿಯೇ ನಡೆಯುತ್ತಿತ್ತು.

ಇನ್ನು ನಮ್ಮವರ ತಲೆಯ ವಿಚಾರ. ಕತ್ತಲಲ್ಲೂ ಗಾಡಿ ಯಾವ ಸೇತುವೆ ದಾಟುತ್ತಿದೆ ಎಂದು ಸದ್ದಿನ ಮೇಲೆ ಹೇಳುತ್ತಿದ್ದ ಮನುಷ್ಯ ಅವರು. ಹೋದ ವರ್ಷ ಕನ್ನಡಕ ತರಲು ಮೆಟ್ರೊ ಹತ್ತಿದರು. ಸೀತಾಬರ್ಡಿಯಲ್ಲಿ ಇಳಿಯಬೇಕಾದವರು ಕೊನೆಯ ನಿಲ್ದಾಣ ಖಾಪ್ರಿಯವರೆಗೆ ಹೋಗಿ ಬೆಂಚಿನ ಮೇಲೆ ಕೂತಿದ್ದರು. ಅಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಅವರ ಮೊಬೈಲಿನಿಂದಲೇ ನನಗೆ ಫೋನು ಮಾಡಿದಳು. ನಾನು ಆಟೋ ಮಾಡಿಕೊಂಡು ಓಡಿದೆ. ನನ್ನನ್ನು ನೋಡಿ ಮೆಲ್ಲಗೆ ಕೇಳಿದರು, “ಇಂದೂ, ನಾ ಇಲ್ಲಿಗೆ ಯಾಕ ಬಂದೀನಿ?” ಸಿಗ್ನಲ್ ತಪ್ಪಿತು, ಏಳಿ ಎಂದು ನಗಿಸಿ ಕರೆತಂದೆ. ದಾರಿಯುದ್ದಕ್ಕೂ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದೆ.

ನಮ್ಮ ಓಣಿಯಲ್ಲಿ ನಮ್ರತಾ ಎಂಬ ಡಾಕ್ಟರ್ ಇದ್ದಾಳೆ, ಬೆಂಗಳೂರಿನವಳು, ನರರೋಗದ ವಿಷಯ ಓದಿದವಳು. ತಪಾಸಣೆ ಎಲ್ಲ ಮಾಡಿಸಿದಳು. ಮರೆವು ಈಗಷ್ಟೇ ಹೊಸ್ತಿಲ ಹತ್ತಿರ ಬಂದಿದೆ, ಒಳಗೆ ಕಾಲಿಡದ ಹಾಗೆ ನೋಡಿಕೊಳ್ಳೋಣ ಅಂದಳು. ಬಿಪಿ, ಸಕ್ಕರೆ ಹಿಡಿತದಲ್ಲಿರಲಿ, ದಿನಾ ನಡೆಯಲಿ, ಚೆನ್ನಾಗಿ ನಿದ್ದೆ ಮಾಡಲಿ, ಕಿವಿ ಮಂದವಾಗಿದ್ದರೆ ಅಲಕ್ಷ್ಯ ಬೇಡ, ಎಲ್ಲಕ್ಕಿಂತ ಹೆಚ್ಚಾಗಿ ಜನರ ನಡುವೆ ಇರಲಿ ಎಂದಳು. ಗ್ಯಾರಂಟಿ ಯಾರೂ ಕೊಡಲಾರರು ಎಂಬುದನ್ನೂ ಮುಚ್ಚಿಡಲಿಲ್ಲ. ಜನರ ನಡುವೆ ಅಂದರೆ ಎಲ್ಲಿ ಹೋಗಲಿ? ಕೈ ಹಿಡಿದು ನಿಮ್ಮ ಮಂಟಪಕ್ಕೆ ಕರೆದುಕೊಂಡು ಹೋದೆ.

ಅಲ್ಲಿ ಬೃಂದಾತಾಯಿ ಇದ್ದರು. ನಿವೃತ್ತ ಶಾಲಾ ಮಾಸ್ತರಿಣಿ, ಮಾತು ಮಾತ್ರ ಇನ್ನೂ ನಿವೃತ್ತವಾಗಿಲ್ಲ. ಮರಿಯಪ್ಪನವರು ಇದ್ದರು, ಮೌದಾದ ವಿದ್ಯುತ್ ಸ್ಥಾವರದಿಂದ ನಿವೃತ್ತರಾದವರು. ಕಿವಿಗೆ ಹಾಕುವ ಯಂತ್ರ ಸವೆದೀತೆಂದು ಅದನ್ನು ಜೇಬಿನಲ್ಲಿಟ್ಟು, ಊರಿಗೇ ಕೇಳಿಸುವಂತೆ ಮಾತಾಡುತ್ತಿದ್ದರು. ನಾನು ನಾಲ್ಕನೆಯವಳಾಗಬಹುದಿತ್ತು, ಆದರೆ ಇವರ ಆಟ ನೋಡಿಕೊಳ್ಳಲೆಂದು ಇವರ ಪಕ್ಕದಲ್ಲಿ ಕುಳಿತೆ. ಮೂರೇ ಜನರ ಆಟ, ನಾಲ್ಕನೆಯ ಬದಿಯಲ್ಲಿ ಚಹಾದ ಫ್ಲಾಸ್ಕು. ಬೃಂದಾತಾಯಿಯ ಕಾಯಿಗಳೆಂದರೆ ಸೀತಾಫಲದ ಬೀಜ, ಮರಿಯಪ್ಪನವರದು ಹುಣಸೆ ಬೀಜ, ನಮ್ಮವರದು ಆಗತಾನೇ ತಿಂದ ಸಂತ್ರಿಯ, ಅಂದರೆ ಕಿತ್ತಳೆಯ, ಸಿಪ್ಪೆ ಚೂರು. ಕವಡೆ ಬಿದ್ದ ಕೂಡಲೇ ಬಿದ್ದದ್ದೆಷ್ಟು ಎಂದು ಕೂಗಬೇಕು. ಒಬ್ಬರು ಮರಾಠಿಯಲ್ಲಿ ಕೂಗುತ್ತಿದ್ದರು, ಒಬ್ಬರು ಕನ್ನಡದಲ್ಲಿ, ನಮ್ಮವರು ರೈಲ್ವೆಯ ಹಿಂದಿಯಲ್ಲಿ. ಮೊದಮೊದಲು ತಮ್ಮ ಸರದಿ ಯಾವುದೆಂದು ನನ್ನ ಮುಖ ನೋಡುತ್ತಿದ್ದರು. ದೀಪಾವಳಿ ಕಳೆಯುವ ಹೊತ್ತಿಗೆ ನನ್ನ ಕಡೆ ನೋಡುವುದನ್ನೇ ಬಿಟ್ಟರು. ಮದುವೆಯಾದ ಮೇಲೆ ನನಗೆ ಅಷ್ಟು ಸಂತೋಷ ಕೊಟ್ಟ ಅಲಕ್ಷ್ಯ ಇನ್ನೊಂದಿಲ್ಲ.

ಒಂದು ದಿನ ನೋಡುತ್ತೇನೆ, ಬೃಂದಾತಾಯಿ ಚಹಾ ಬಗ್ಗಿಸಲು ಆ ಕಡೆ ತಿರುಗಿದ್ದಾರೆ. ಇವರ ಸಿಪ್ಪೆ ಇನ್ನೊಂದು ಮನೆ ಮುಂದಿದ್ದರೆ ಕಟ್ಟೆಯ ಮೇಲೆ ಕೂರುತ್ತಿತ್ತು, ಯಾರೂ ಕಡಿಯುವಂತಿರಲಿಲ್ಲ. ಇವರು ಸುಮ್ಮನೆ ಕೆಮ್ಮಿದರು, ಮರದ ಕಡೆ ನೋಡಿದರು, ಬಲಗೈ ಕಿರುಬೆರಳಿನಿಂದ ಸಿಪ್ಪೆಯನ್ನು ಮುಂದಕ್ಕೆ ಸರಿಸಿಯೇಬಿಟ್ಟರು. ಮೂವತ್ತು ವರ್ಷ ಮಕ್ಕಳಿಗೆ ಕಾಪಿ ಹೊಡೆಯಲು ಬಿಡದ ಬೃಂದಾತಾಯಿ ಇದನ್ನು ಬಿಟ್ಟಾರೆಯೇ? ಇದು ರಡೀಚಾ ಡಾವ್, ಕಳ್ಳಾಟ, ಎಂದು ಎದ್ದು ನಿಂತರು. ಇವರು ಜಗ್ಗಲಿಲ್ಲ. “ತಾಯಿ, ಬರೋಬರ್ ಆಠ್ ಘರ್ ಚಲಾ ಹೂಂ. ಎಂಟು ಅಂದ್ರ ಎಂಟ. ಬೇಕಾದ್ರ ಇಂದೂನ್ನ ಕೇಳ್ರಿ.” ನಾನು ಹೌದು ಎಂದು ಹಸಿ ಹಸಿ ಸುಳ್ಳು ಸಾಕ್ಷಿ ಹೇಳಿದೆ. ಕಣ್ಣಲ್ಲಿ ನೀರು ತುಂಬಿ ನನಗೆ ಕಲ್ಲೇ ಕಾಣುತ್ತಿರಲಿಲ್ಲ.

ಸಂಜೆ ನಮ್ರತಾಳಿಗೆ ಹೇಳಿದೆ. ಅವಳು ನಕ್ಕಳು. “ಮಾಡ್ಲಿ ಬಿಡಿ ಆಂಟಿ. ಮೋಸ ಮಾಡೋಕೆ ತಮ್ಮ ಲೆಕ್ಕ, ಎದುರಿನವರ ಲೆಕ್ಕ, ಯಾರು ಯಾವಾಗ ನೋಡ್ತಾರೆ ಅನ್ನೋ ಲೆಕ್ಕ, ಎಲ್ಲಾ ತಲೇಲಿರಬೇಕು. ನಾನು ಬರೆದುಕೊಡೋ ಯಾವ ಮಾತ್ರೆಗೂ ಇಷ್ಟು ಕೆಲಸ ಮಾಡ್ಸೋಕೆ ಬರಲ್ಲ.” ಅಂದಿನಿಂದ ನಾನು ಊಟಕ್ಕೆ ಬಡಿಸುವಾಗ ಇಂದು ಎಷ್ಟು ಕದ್ದಿರಿ ಎಂದು ಕೇಳುತ್ತಿದ್ದೆ. ಅವರು ಹೆಮ್ಮೆಯಿಂದ ಹೇಳುತ್ತಿದ್ದರು, ಅದರಲ್ಲೂ ಒಂದೆರಡು ಕಡಿಮೆ ಮಾಡಿ.

ಮಾನ್ಯರೇ, ಹೀಗಿರುವಾಗ ನಿಮಗೆ ನಮ್ಮ ಮೆದುಳಿನ ಮೇಲೆ ಕನಿಕರ ಹುಟ್ಟಿತು. ಮಂಟಪಕ್ಕೆ ಬೇಲಿ ಬಿತ್ತು, ಫರಸಿ ಎದ್ದಿತು, ಕನ್ನಡಿಯಂತೆ ಹೊಳೆಯುವ ಟೈಲ್ಸು ಬಂತು. ಹಿರಿಯ ನಾಗರಿಕರಿಗೆ ಮೆದುಳಿನ ಆರೋಗ್ಯ ಕೇಂದ್ರವಂತೆ. ಆ ಟೈಲ್ಸಿನ ಮೇಲೆ ಒಂದು ಹನಿ ನೀರು ಬಿದ್ದರೆ ಮೆದುಳಿನ ಜೊತೆಗೆ ಸೊಂಟದ ಕೇಂದ್ರವನ್ನೂ ತೆರೆಯಬೇಕಾದೀತು. ಗೋಡೆಯ ಮೇಲೆ ಮೆದುಳಿನ ಚಿತ್ರ ಬರೆಸಿದ್ದೀರಿ, ಗುಲಾಬಿ ಬಣ್ಣದ ಹೂಕೋಸು. ಅದರ ಕೆಳಗೆ ಹಿತವಚನ: ಜನರೊಡನೆ ಬೆರೆಯಿರಿ, ಹೊಸ ಭಾಷೆ ಕಲಿಯಿರಿ, ನಗುತ್ತಿರಿ. ಅದರ ಪಕ್ಕದಲ್ಲೇ ಇನ್ನೊಂದು ಫಲಕ: ಗುಂಪು ಸೇರಬಾರದು, ಸದ್ದು ಮಾಡಬಾರದು, ಆಟ ಮತ್ತು ಜೂಜು ನಿಷಿದ್ಧ. ಎರಡೂ ಫಲಕಕ್ಕೆ ಒಬ್ಬರೇ ರುಜು ಹಾಕಿದರೋ, ಅಥವಾ ನಿಮ್ಮ ಕಚೇರಿಯಲ್ಲೇ ಬಲಗೈ ಮಾಡಿದ್ದು ಎಡಗೈಗೆ ನೆನಪಿರುವುದಿಲ್ಲವೋ? ಜೂಜು ಎಂದಿರಲ್ಲ, ಧರ್ಮರಾಯನಂತೆ ರಾಜ್ಯ ಒತ್ತೆಯಿಡಲು ನಮ್ಮಲ್ಲಿ ಏನಿತ್ತು? ಸೋತವರು ಮರುದಿನ ಚಹಾ ತರಬೇಕು, ಅಷ್ಟೇ ನಮ್ಮ ಪಣ.

ಇನ್ನು ನಿಮ್ಮ ಯಂತ್ರ. ಬೆರಳಿನಿಂದ ಮುಟ್ಟಿದರೆ ಅದರೊಳಗೆ ನೆನಪಿನ ಶಕ್ತಿಯ ಆಟಗಳು ಬರುತ್ತವಂತೆ. ಬರಬೇಕಾದರೆ ಪಾಸ್‌ವರ್ಡ್ ನೆನಪಿರಬೇಕು. ಮೌದಾದಲ್ಲಿ ಆಳೆತ್ತರದ ಯಂತ್ರಗಳನ್ನು ಕಾಯ್ದ ಮರಿಯಪ್ಪನವರು ತಾವೇ ಮುಂದೆ ಬಂದು ಒಂದು ಪಾಸ್‌ವರ್ಡ್ ಮಾಡಿದರು. ಮರುದಿನ ಮರೆತರು. ಮತ್ತೆ ಮತ್ತೆ ಒತ್ತಿದ್ದಕ್ಕೆ ಯಂತ್ರ ಬೀಗ ಹಾಕಿಕೊಂಡಿತು, ಅಂದಿನಿಂದ ಅದರ ಮೈಮೇಲೆ ಪ್ಲಾಸ್ಟಿಕ್ ಹೊದಿಕೆ. ಮಾನ್ಯರೇ, ನೆನಪಿದ್ದವರಿಗೆ ಮಾತ್ರ ತೆರೆಯುವ ನೆನಪಿನ ಔಷಧಿಯನ್ನು ಕಂಡುಹಿಡಿದ ಕೀರ್ತಿ ನಿಮಗೇ ಸಲ್ಲಬೇಕು.

ಮನೆಯಲ್ಲಿ ಆಡಿ ಎನ್ನುತ್ತೀರೇನೋ. ಆಡಿದೆವು. ರಟ್ಟಿನ ಮೇಲೆ ಮನೆ ಗೀಚಿ ನಾವಿಬ್ಬರೇ ಕುಳಿತೆವು. ಅವರು ಕವಡೆ ಹಾಕುತ್ತಾರೆ, ನಾನು ಹೇಳಿದಷ್ಟು ನಡೆಯುತ್ತಾರೆ. ನಾನು ಬೇಕೆಂದೇ ಅಡುಗೆಮನೆಗೆ ಎದ್ದು ಹೋಗುತ್ತೇನೆ, ಬಹಳ ಹೊತ್ತು ನಿಂತು ಬರುತ್ತೇನೆ. ಸಿಪ್ಪೆ ಇದ್ದಲ್ಲೇ ಇರುತ್ತದೆ. ಹೋದ ವಾರ ಚಹಾ ಕುಡಿದ ಲೋಟ ಕೈಯಲ್ಲಿ ಹಿಡಿದುಕೊಂಡೇ ಇನ್ನೂ ಚಹಾ ಆಗಲಿಲ್ಲವೇ ಎಂದು ಕೇಳಿದರು. ನನಗೆ ಹೆದರಿಕೆಯಾಗಿದೆ, ಮಾನ್ಯರೇ. ವ್ಯಂಗ್ಯವೆಲ್ಲ ಆಚೆಗಿಟ್ಟು ಹೇಳುತ್ತಿದ್ದೇನೆ.

ಮರಾಠಿಯಲ್ಲಿ ನಿಮ್ಮ ಕಚೇರಿಗೆ ಅರ್ಜಿ ಕೊಟ್ಟಾಯಿತು. ಬೃಂದಾತಾಯಿ ತಿದ್ದಿದ ಮರಾಠಿ, ಒಂದು ತಪ್ಪಿಲ್ಲ. ಉತ್ತರವೂ ಇಲ್ಲ. ಅದಕ್ಕೇ ಈ ಪತ್ರವನ್ನು ಕನ್ನಡದಲ್ಲಿ ಬರೆದು ನಮ್ಮ ಕನ್ನಡ ಸಂಘದ ಪತ್ರಿಕೆಗೆ ಕೊಡುತ್ತಿದ್ದೇನೆ. ನಿಮಗೆ ಕನ್ನಡ ಬಾರದೆಂದು ಗೊತ್ತು. ಹೊಸ ಭಾಷೆ ಕಲಿತರೆ ಮೆದುಳಿಗೆ ಒಳ್ಳೆಯದೆಂದು ನಿಮ್ಮ ಹೂಕೋಸಿನ ಕೆಳಗೆ ಬರೆದಿದೆಯಲ್ಲ, ಕಲಿತು ಓದಿ. ಇದಕ್ಕೆ ಪಾಸ್‌ವರ್ಡ್ ಬೇಕಾಗಿಲ್ಲ.

ಇಲ್ಲಿಯವರೆಗೆ ಬರೆದು ಮಡಚಿಟ್ಟಿದ್ದೆ. ನಿನ್ನೆ ಒಂದು ಸಂಗತಿ ನಡೆಯಿತು, ಅದನ್ನೂ ಸೇರಿಸುತ್ತೇನೆ.

ಮರಿಯಪ್ಪನವರಿಗೆ ನಮ್ಮ ಕಲ್ಲು ಸಿಕ್ಕಿತು. ಉದ್ಯಾನದ ಹಿಂದೆ, ಗೊಬ್ಬರದ ಗುಂಡಿಯ ಪಕ್ಕದಲ್ಲಿ ಒಣ ಎಲೆಗಳ ಕೆಳಗೆ ಮಲಗಿತ್ತು. ಒಂದು ಮೂಲೆ ಮುಕ್ಕಾಗಿದೆ, ಮನೆಗಳೆಲ್ಲ ನೆಟ್ಟಗಿವೆ. ನಾಲ್ವರೂ ಹೋದೆವು. ಬೃಂದಾತಾಯಿ ಬಾಟಲಿಯ ನೀರು ಸುರಿದು ಸೆರಗಿನಿಂದ ಒರೆಸಿದರು. ಗೋಣಿಚೀಲ ಹಾಸಿಕೊಂಡು, ಮೂಗು ಮುಚ್ಚಿಕೊಂಡು ಆಟ ಶುರು ಮಾಡಿದೆವು. ನಮ್ಮವರು ಮೊದಲಿಗೆ ಮನೆಯಲ್ಲಿದ್ದ ಹಾಗೆಯೇ ಇದ್ದರು, ಬಿದ್ದಷ್ಟು ನಡೆದರು. ಬೃಂದಾತಾಯಿ ಅವರ ಒಂದು ಸಿಪ್ಪೆಯನ್ನು ಕಡಿದು ಗಹಗಹಿಸಿ ನಕ್ಕರು. ಇವರು ಕಲ್ಲನ್ನೇ ನೋಡುತ್ತಾ ಕುಳಿತರು. ಆಮೇಲೆ ಚಹಾ ಬೇಕು ಅಂದರು. ಬೃಂದಾತಾಯಿ ಫ್ಲಾಸ್ಕಿನ ಕಡೆ ತಿರುಗಿದರು. ನನ್ನ ಪಕ್ಕದಲ್ಲಿ ಸಣ್ಣಗೆ ಕೆಮ್ಮಿದ್ದು ಕೇಳಿಸಿತು. ನಾನು ಮಾವಿನ ಮರದ ಕಡೆ ಮುಖ ಮಾಡಿ, ಮನೆದೇವರ ಹೆಸರು ಹೇಳಿಕೊಂಡು, ತಿರುಗಿ ನೋಡಿದೆ. ಸಿಪ್ಪೆ ಒಂದು ಮನೆ ಮುಂದೆ ಬಂದಿತ್ತು.

ಬೃಂದಾತಾಯಿಯ ಬೈಗುಳ ಕೇಳಿ ನಿಮ್ಮ ವಾಚಮನ್ ಸೀಟಿ ಊದುತ್ತಾ ಓಡಿಬಂದ. ಆಟ ಬಂದ್ ಮಾಡಿ ಎಂದ. ಕನ್ನಡದ ಗಂಧವೇ ಇಲ್ಲದ ಆ ಬಡಪಾಯಿಗೆ ನಮ್ಮವರು ಶುದ್ಧ ಧಾರವಾಡದಲ್ಲಿ ಹೇಳಿದರು, “ಐದ ಮಿನಿಟ್ ನಿಲ್ಲಪಾ. ನಾ ಗೆಲ್ಲಾಕತ್ತೀನಿ.” ಅವನು ನಿಂತ. ಆಮೇಲೆ ಕುಕ್ಕರುಗಾಲಿನಲ್ಲಿ ಕುಳಿತು ಮರಿಯಪ್ಪನವರಿಗೆ ಯಾವ ಕಾಯಿ ನಡೆಸಬೇಕೆಂದು ಹೇಳಿಕೊಡತೊಡಗಿದ.

ಆದ್ದರಿಂದ ನನ್ನ ಬೇಡಿಕೆ. ಬಿಸಿಲು ಏರುವ ಮೊದಲು ಆ ಕಲ್ಲನ್ನು ಮಂಟಪದ ನೆರಳಿಗೆ ತರಿಸಿ, ಇದ್ದಲ್ಲಿ ಕೂರಿಸಿ. ಸದ್ದು ಮಾಡಬಾರದೆಂಬ ಫಲಕ ತೆಗೆಸಿ. ಯಂತ್ರ ಇರಲಿ, ಫ್ಲಾಸ್ಕು ಇಡಲು ಎತ್ತರ ಸರಿಯಾಗಿದೆ. ಕಲ್ಲಿನ ನಾಲ್ಕನೆಯ ಬದಿ ಇನ್ನೂ ಖಾಲಿ ಇದೆ. ನೀವೂ ಒಂದು ದಿನ ನಿವೃತ್ತರಾಗುವವರೇ, ಬನ್ನಿ, ಅದು ನಿಮಗಾಗಿ ಇರುತ್ತದೆ. ಬಂದಾಗ ನಮ್ಮ ಯಜಮಾನರ ಬಲಗೈ ಕಿರುಬೆರಳಿನ ಮೇಲೆ ಒಂದು ಕಣ್ಣಿಟ್ಟಿರಿ. ಅದು ಸರಿದದ್ದು ಕಂಡರೆ ಜೋರಾಗಿ ಜಗಳವಾಡಿ. ಸರಿಯದೇ ಇದ್ದರೆ ಮಾತ್ರ, ದಯವಿಟ್ಟು, ಮೆಲ್ಲಗೆ ನನಗೆ ಹೇಳಿ.

ಇಂತಿ,
ಕಳ್ಳನ ಪರವಾಗಿ ಇನ್ನೂ ಬಹಳ ಕಾಲ ಸುಳ್ಳು ಸಾಕ್ಷಿ ಹೇಳುವ ಆಸೆಯಿರುವ
ಇಂದುಮತಿ ಕಾಶೀನಾಥ
ನಾಗಪುರ