ಮೈಕಿನಲ್ಲಿ ಮಾತಾಡುತ್ತಿದ್ದ ಅಮ್ಮ

ಮಾರ್ಚ್ ೧೪, ಗುರುವಾರ

ಪ್ರೀತಿಯ ಪಿಟೀಲು,

ನಿನ್ನ ಕಾಗದ ಬಂದು ಎರಡು ತಿಂಗಳ ಮೇಲಾಯಿತು. ಬೈಯುವುದಿದ್ದರೆ ಮೊದಲು ಬೈದು ಮುಗಿಸು, ಆಮೇಲೆ ಓದು. ಕಾಯಿಲೆ ಗೀಯಿಲೆ ಏನೂ ಇಲ್ಲ. ಮಂಡಿನೋವು ಒಂದಿದೆ, ಅದರ ಜೊತೆ ಹೊಂದಿಕೊಂಡಿದ್ದೇನೆ. ಅಜ್ಜಿಯಾಗುವವಳನ್ನು ಇನ್ನೂ ಪಿಟೀಲು ಅಂತ ಕರೆಯಬಾರದು ಎಂದು ನಿನ್ನ ಮಗಳು ಹೋದ ಸಲ ನನ್ನನ್ನು ಗದರಿದ್ದಳು. ಏನು ಮಾಡಲಿ, ಹುಟ್ಟಿದಾಗಿನಿಂದ ಕೊಯ್ದವಳು ನೀನು, ಹೆಸರಿಟ್ಟ ತಪ್ಪು ನನ್ನದೇ? ಅವಳಿಗೆ ಈಗ ಎಂಟು ತಿಂಗಳು ತುಂಬಿತಲ್ಲವೆ? ಸುಮ್ಮಸುಮ್ಮನೆ ಮೆಟ್ಟಿಲು ಹತ್ತಿ ಇಳಿಯುವುದು ಬೇಡ ಎಂದು ಹೇಳು.

ಇಲ್ಲಿ ಎಲ್ಲ ಇದ್ದ ಹಾಗೇ ಇದೆ. ಅವೇ ಎರಡು ಕೋಣೆ, ಗೋಡೆ ತುಂಬ ಟೇಪುಗಳು. ಕೆಳಗಿನ ಮನೆಯಾಕೆ ಮೊನ್ನೆ ನನ್ನನ್ನು ತಡೆದು, "ಅಲ್ಲ ಸಾರ್, ನಿಮ್ಮನೇಲಿ ದಿನಾ ಅಷ್ಟು ಜನ ಮಾತಾಡ್ತಾರೆ, ಒಬ್ರೂ ಮೆಟ್ಟಿಲು ಇಳಿಯೋದು ಕಾಣಲ್ವಲ್ಲ?" ಎಂದಳು. ಅವರೆಲ್ಲ ಟೇಪಿನೊಳಗೇ ಇರುವವರು ಎಂದೆ. ಪಾಪ, ಅಂದಿನಿಂದ ನನ್ನನ್ನು ಕಂಡರೆ ಸ್ವಲ್ಪ ದೂರ ಸರಿದು ಹೋಗುತ್ತಾಳೆ.

ನೀನು ಕೇಳಿದ್ದಕ್ಕೆ ಬರುತ್ತೇನೆ. "ಊರವರ ದನಿಯೆಲ್ಲ ಹಿಡಿದಿಟ್ಟಿದ್ದೀಯ, ಅಮ್ಮಂದು ಒಂದಾದ್ರೂ ಇದ್ರೆ ಕಳ್ಸು, ಹುಟ್ಟೋ ಕೂಸಿಗೆ ಕೇಳಿಸ್ಬೇಕು" ಎಂದು ಬರೆದಿದ್ದೀಯಲ್ಲ, ಆ ಒಂದು ಮಾತಿಗೇ ನಾನು ಉತ್ತರ ಬರೆಯಲಾಗದೆ ಕೂತಿದ್ದು. ನನ್ನ ಹತ್ತಿರ ಇಲ್ಲ ಎಂಬುದು ನನಗೆ ಗೊತ್ತಿತ್ತು. ಆದರೂ ಸ್ಟೇಷನ್ನಿನಲ್ಲಿ ಇರಬಹುದೇನೋ ಎಂಬ ಆಸೆಯಿಂದ ರೈಲು ಹಿಡಿದು ನಮ್ಮ ಊರಿಗೆ ಹೋದೆ.

ಅಮ್ಮ ರೈಲುಗಳ ವೇಳೆ ಹೇಳುತ್ತಿದ್ದ ಮೈಕ್ ರೂಮಿನಲ್ಲಿ ಈಗ ಪೊರಕೆ, ಬಕೆಟ್ಟು ಇಟ್ಟಿದ್ದಾರೆ. ಯಾವ ರೈಲು ಎಲ್ಲಿ ಬರುತ್ತದೆ ಎಂದು ಯಂತ್ರವೇ ಹೇಳುತ್ತದೆ. ಸ್ಟೇಷನ್ ಮಾಸ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು, ತಾಳ್ಮೆಯಿಂದ ಕಪಾಟುಗಳನ್ನೆಲ್ಲ ತೆಗೆಸಿ ತೋರಿಸಿದಳು. ಕೊನೆಗೆ, "ಸರ್, ಆಗೆಲ್ಲ ಯಾರು ರೆಕಾರ್ಡ್ ಮಾಡ್ತಿದ್ರು? ಹೇಳಿದ್ದು ಗಾಳಿಗೆ ಹೋಯ್ತು ಅಷ್ಟೆ" ಎಂದಳು. ಅವಳ ತಪ್ಪೇನಿದೆ? ಒಂದು ಲೋಟ ಚಹಾ ಕೊಟ್ಟಳು, ಕುಡಿದು ಪ್ಲಾಟ್‌ಫಾರಂ ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದೆ.

ನೀನು ಹುಟ್ಟುವ ಮುಂಚಿನ ಸಂಗತಿ ಹೇಳುತ್ತೇನೆ ಕೇಳು. ಅಮ್ಮ ಮೈಕಿನಲ್ಲಿ ಮಾತಾಡಿದರೆ ಹಮಾಲರು ಕೂಡ ಹೊರೆ ಇಳಿಸಿ ತಲೆ ಎತ್ತುತ್ತಿದ್ದರು, ಅಂಥ ದನಿ. ಆದರೆ ಮನೆಗೆ ಬಂದು ಚಪ್ಪಲಿ ಬಿಟ್ಟಳೆಂದರೆ ಮುಗಿಯಿತು, ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಬಿಸಿನೀರು ಕುಡಿದು ಒಲೆಯ ಮುಂದೆ ಕೂರುವಳು. ಊಟಕ್ಕೆ ಕರೆಯಲು ತಟ್ಟೆಯನ್ನು ಎರಡು ಸಲ ತಟ್ಟುವಳು. ಹೊರಗಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಅಪ್ಪ ಅವಳ ಹೆಜ್ಜೆ ಸದ್ದು ಕೇಳಿದೊಡನೆ ಮಿಷನ್ನು ನಿಲ್ಲಿಸಿಬಿಡುತ್ತಿದ್ದರು. "ಆ ಗಂಟಲೇ ಕಣೋ ನಮಗೆ ಅನ್ನ ಹಾಕೋದು. ಅವಳನ್ನ ಮಾತಾಡಿಸ್ಬೇಡ" ಎಂದು ನನಗೆ ತಾಕೀತು. ಆಮೇಲೆ ನೀನು ಹುಟ್ಟಿದೆ, ನಿನ್ನ ಬಾಯಿಗೆ ಬೀಗ ಹಾಕಲು ಅವರಿಂದ ಆಗಲಿಲ್ಲ ಬಿಡು. ನಾನು ಮಾತ್ರ ಮೂಗನ ಹಾಗೆ ಬೆಳೆದೆ.

ಅದಕ್ಕೇ ಶಾಲೆ ಬಿಟ್ಟೊಡನೆ ಸ್ಟೇಷನ್ನಿಗೆ ಓಡುತ್ತಿದ್ದೆ. ಉಳಿದ ಹುಡುಗರಿಗೆ ಅಮ್ಮಂದಿರು ಮನೆಯಲ್ಲಿ ಸಿಗುತ್ತಿದ್ದರು, ನನಗೆ ಕಂಬದ ಮೇಲೆ. ಸ್ಪೀಕರಿನ ಕೆಳಗೆ ಕೂತು ಕೇಳುವುದು, ಅಷ್ಟೆ. ರೈಲುಗಳ ಹೆಸರು ಹೇಳುವಾಗ ದನಿ ಗಟ್ಟಿ. ಯಾರದೋ ಮಗು ತಪ್ಪಿಸಿಕೊಂಡಾಗ ಅದರ ಹೆಸರು ಹೇಳುವಳಲ್ಲ, ಆಗ ಮೆತ್ತಗಾಗುತ್ತಿತ್ತು. ನನಗೆ ಆ ಮಕ್ಕಳ ಮೇಲೆ ಹೊಟ್ಟೆಕಿಚ್ಚು.

ಒಂದು ದಿನ ನಾನೂ ತಪ್ಪಿಸಿಕೊಂಡೆ. ಬೇಕೆಂದೇ. ತೂಕದ ಯಂತ್ರದ ಪಕ್ಕ ನಿಂತು ಜೋರಾಗಿ ಅತ್ತೆ. ಹೊಸದಾಗಿ ಬಂದಿದ್ದ ಹಮಾಲನೊಬ್ಬ ಕೈ ಹಿಡಿದು ಸೀದಾ ಮೈಕ್ ರೂಮಿಗೆ ಕರೆದೊಯ್ದ. ಅಮ್ಮ ನೋಡಿದಳು.

"ಹೆಸರು ಹೇಳಿದ್ನಾ?" ಎಂದು ಅವನನ್ನು ಕೇಳಿದಳು.

"ಇಲ್ಲಮ್ಮ, ಬಾಯೇ ಬಿಡ್ತಿಲ್ಲ."

ಅಮ್ಮ ಮೈಕಿಗೆ ಬಾಗಿ, "ನೀಲಿ ಅಂಗಿ ತೊಟ್ಟ, ಸುಮಾರು ಆರು ವರ್ಷದ ಗಂಡು ಮಗುವೊಂದು ನಮ್ಮಲ್ಲಿದೆ. ಮಗುವಿನ ಹೆತ್ತವರು ಎಲ್ಲಿದ್ದರೂ ಕೂಡಲೇ ವಿಚಾರಣೆ ಕೋಣೆಗೆ ಬರಬೇಕು" ಎಂದು ಹೇಳಿ ಸ್ವಿಚ್ ಆರಿಸಿದಳು. ಹಮಾಲ ಹೋದ ಮೇಲೆ ನನ್ನ ಕಡೆ ತಿರುಗಿ, "ಕೂತ್ಕೋ. ನಿಮ್ಮಮ್ಮ ಬರ್ತಾಳೆ" ಎಂದಳು. ಆಮೇಲೆ ಗೋಡೆಯ ಕಡೆ ಮುಖ ಮಾಡಿದಳು, ಭುಜ ಕುಲುಕುತ್ತಿತ್ತು. ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ಇವತ್ತಿಗೂ ತಿಳಿಯದು. ಸಂಜೆ ಮನೆಗೆ ಬರುವಾಗ ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ, ಮಾತೂ ಆಡಲಿಲ್ಲ.

ಅಂದಿನಿಂದ ಯಾರು ಯಾರನ್ನು ಕರೆದರೂ ನನ್ನ ಕಿವಿ ನಿಮಿರುತ್ತದೆ. ರೆಕಾರ್ಡಿಂಗ್ ಸ್ಟುಡಿಯೋ ಕೆಲಸ ಹೊಟ್ಟೆಪಾಡು. ಭಾನುವಾರ ಬಂತೆಂದರೆ ಟೇಪ್ ಮಿಷನ್ನು ಹೆಗಲಿಗೇರಿಸಿ ಬೀದಿ ಬೀದಿ ತಿರುಗಿದೆ, ಮಕ್ಕಳನ್ನು ಒಳಗೆ ಕರೆಯುವ ತಾಯಂದಿರು, ದೋಣಿಯವನನ್ನು ಕೂಗುವವರು, ಬಸ್ಸಿನ ಕಿಟಕಿಯಿಂದ ಹೆಂಡತಿಗೆ ಕೊನೆಯ ಮಾತು ಹೇಳುವವರು. ಎಲ್ಲ ಈ ಗೋಡೆಯ ಮೇಲಿದ್ದಾರೆ. "ನಿಮಗೆ ಕೇಳಕ್ಕೆ ಬರತ್ತೆ, ಮಾತಾಡಕ್ಕೆ ಬರಲ್ಲ" ಎಂದು ನಿನ್ನ ಅತ್ತಿಗೆ ಬಿಟ್ಟು ಹೋಗುವ ದಿನ ಹೇಳಿದಳು. ಅದಕ್ಕೂ ನಾನು ಏನೂ ಹೇಳಲಿಲ್ಲ, ನೋಡು.

ಮೊದಲ ಮಿಷನ್ನು ಕೊಂಡಾಗ ಊರಿಗೆ ಹೊತ್ತುಕೊಂಡು ಬಂದಿದ್ದೆ, ನಿನಗೆ ನೆನಪಿರಬೇಕು, ಗುಂಡಿಗಳನ್ನೆಲ್ಲ ಒತ್ತಿ ನನ್ನಿಂದ ಬೈಸಿಕೊಂಡೆ. ಅಷ್ಟರಲ್ಲಿ ಅಮ್ಮನ ಗಂಟಲು ಹೋಗಿತ್ತು. ಮೈಕನ್ನು ಅವಳ ಮುಂದಿಟ್ಟೆ. ಎರಡು ಬೆರಳಿನಿಂದ ಮೆಲ್ಲಗೆ ಆಚೆ ಸರಿಸಿ ತಲೆಯಾಡಿಸಿದಳು. ಅಪ್ಪ, "ಬಿಡೋ, ಪಾಪ" ಎಂದರು. ಬಿಟ್ಟೆ.

ಹಾಗಾಗಿ ಕೂಸಿಗೆ ಕಳಿಸಲು ನನ್ನ ಹತ್ತಿರ ಏನೂ ಇಲ್ಲ ಕಣೇ. ಲೋಕದ ಅಮ್ಮಂದಿರೆಲ್ಲ ಇದ್ದಾರೆ, ನಮ್ಮವಳಿಲ್ಲ. ಹೆರಿಗೆ ಹೂವೆತ್ತಿದ ಹಾಗೆ ಆಗಲಿ. ತಾಯಿ ಮಗು ಇಬ್ಬರೂ ನೂರು ಕಾಲ ಬಾಳಲಿ. ಕೂಸು ಅತ್ತರೆ ಗಟ್ಟಿಯಾಗಿ ಅಳಲು ಬಿಡಿ, ಯಾರೂ ಶ್ ಎನ್ನಬೇಡಿ.

ನಿನ್ನ
ಅಣ್ಣ

ಮರೆತೆ: ಮರೆತೆ ಎಂಬುದು ಸುಳ್ಳು, ಬರೆಯಲು ಧೈರ್ಯ ಬಂದದ್ದು ಈಗ. ಕಾಗದದ ಕೊನೆಗೆ ನೀನು ತಮಾಷೆಯೆಂದು ಒಂದು ಮಾತು ಬರೆದಿದ್ದೆ. ದಿನಾ ಸಂಜೆ ಅಡುಗೆಮನೆಯಲ್ಲಿ ನಿನ್ನ ತಲೆ ಬಾಚುತ್ತ ಅಮ್ಮ ಕತೆ ಹೇಳುತ್ತಿದ್ದಳಂತೆ, ಬಾಗಿಲು ಮುಂದೆ ಮಾಡಿಕೊಂಡು. ನೀನು ಜೋರಾಗಿ ನಕ್ಕರೆ ಬಾಯಿಗೆ ಕೈ ಅಡ್ಡ ಹಿಡಿದು, "ಮೆಲ್ಲಗೆ ಕಣೇ, ಅಣ್ಣಂಗೆ ಮಾತು ಅಂದ್ರೆ ಆಗಲ್ಲ" ಅನ್ನುತ್ತಿದ್ದಳಂತೆ. ಆ ಬಾಗಿಲಿನ ಈಚೆ ನಾನಿದ್ದೆ, ಅವಳಿಗೆ ತೊಂದರೆಯಾಗಬಾರದೆಂದು ಉಸಿರು ಕೂಡ ಬಿಗಿಹಿಡಿದುಕೊಂಡು. ಅವು ಯಾವ ಕತೆಗಳು? ಒಂದಾದರೂ ನೆನಪಿದ್ದರೆ ಬರೆ. ನನಗೆ ಮಾತು ಆಗುತ್ತಿತ್ತು ಕಣೇ. ತುಂಬಾ ಆಗುತ್ತಿತ್ತು.